ದಾಖಲೆಯಲ್ಲಿ ಕಾಣದ ಶ್ರೀಲಂಕಾ ಸೇವೆ

ಶ್ರೀಲಂಕಾದಲ್ಲಿ ಭಾರತೀಯ ಶಾಂತಿಪಾಲನಾ ಪಡೆಯಲ್ಲಿ ದುಡಿದ ಮಾಜಿ ಸೈನಿಕರ ಡಿಸ್ಚಾರ್ಜ್ ಪುಸ್ತಕದಲ್ಲಿ (ನಿವೃತ್ತಿಯ ವೇಳೆ ಸೇನೆ ಕೊಡುವ ಸೇವಾ ದಾಖಲೆ) ಆ ಸೇವೆ, ಪದಕಗಳ ನಮೂದು ಬಿಟ್ಟುಹೋಗಿದ್ದರೆ ಅದನ್ನು ತಿದ್ದಿಸುವ ದಾರಿ ಸುಗಮವಾಗಬೇಕು. 1987ರ ಜುಲೈನಿಂದ 1990ರ ಮಾರ್ಚ್‌ವರೆಗಿನ ಆ ಕಾರ್ಯಾಚರಣೆಯಲ್ಲಿ ಸಾವಿರಕ್ಕೂ ಹೆಚ್ಚು ಯೋಧರು ಪ್ರಾಣ ತೆತ್ತರು. ಬದುಕಿ ಬಂದವರಲ್ಲಿ ನನ್ನ ತಂದೆಯೂ ಒಬ್ಬರು. ಆ ಕಾರ್ಯಾಚರಣೆಗಾಗಿ ದೊರೆತ ವಿಶೇಷ ಸೇವಾ ಪದಕ ಮನೆಯ ಪೆಟ್ಟಿಗೆಯಲ್ಲಿದೆ; ಪುಸ್ತಕದ ಪ್ರಕಾರ ಮಾತ್ರ ಅವರು ಸಮುದ್ರವನ್ನೇ ದಾಟಿಲ್ಲ!

ತಿದ್ದುಪಡಿ ಕೋರಿದರೆ, ಆ ಸೇವೆಯನ್ನು ದಾಖಲಿಸಿದ ಅಂದಿನ ಘಟಕದ ಆದೇಶದ ಪ್ರತಿ ತನ್ನಿ ಎಂಬ ಉತ್ತರ ಬರುತ್ತದೆ. ಆ ಆದೇಶ ಇರಬೇಕಾದದ್ದು ಸೇನೆಯ ಕಡತದಲ್ಲಿ, ಸಿಪಾಯಿಯ ಟ್ರಂಕಿನಲ್ಲಲ್ಲ. ಎಪ್ಪತ್ತರ ಅಂಚಿನಲ್ಲಿರುವವರು, ಅದರಲ್ಲೂ ಪತಿಯನ್ನು ಕಳೆದುಕೊಂಡ ಹೆಣ್ಣುಮಕ್ಕಳು, ಅದನ್ನು ಎಲ್ಲಿಂದ ತರಬೇಕು?

ಪದಕದ ಅಂಚಿನಲ್ಲಿ ಕೆತ್ತಿರುವ ಸೈನಿಕ ಸಂಖ್ಯೆ ಮತ್ತು ಹೆಸರನ್ನು ಪ್ರಾಥಮಿಕ ಪುರಾವೆಯಾಗಿ ಒಪ್ಪಿ, ಉಳಿದ ಕಡತವನ್ನು ಸೇನೆಯ ದಾಖಲೆ ಕಚೇರಿಗಳೇ ಹುಡುಕಲಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳು ವರ್ಷಕ್ಕೊಮ್ಮೆಯಾದರೂ ಇದಕ್ಕಾಗಿ ತಿದ್ದುಪಡಿ ಶಿಬಿರ ನಡೆಸಲಿ.

– ಮಾಜಿ ಸೈನಿಕರೊಬ್ಬರ ಮಗ, ಮಡಿಕೇರಿ