ಎಣ್ಣೆ ಸಿಕ್ಕಿದ್ದು ಸಂತೋಷ, ಅದು ಹೋಗುವ ದಾರಿಯಲ್ಲಿ ನಾವಿದ್ದೇವೆ: ರೈಲ್ವೆ ರಾಜ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವಿ. ಸೋಮಣ್ಣನವರಿಗೆ ನಮಸ್ಕಾರ.

ನಾನು ನಿಮ್ಮ ಮತದಾರ ಅಲ್ಲ. ನಿಮ್ಮ ಕ್ಷೇತ್ರ ತುಮಕೂರು, ನಮ್ಮದು ಕೋಲಾರ ಜಿಲ್ಲೆಯ ಬಂಗಾರಪೇಟೆ. ಆದರೆ ನೀವು ರೈಲ್ವೆ ರಾಜ್ಯ ಸಚಿವರು, ನಾವು ಬೆಳಗ್ಗೆ ಎದ್ದರೆ ಬೆಂಗಳೂರಿನ ರೈಲು ಹಿಡಿಯುವ ಜನ. ಹಾಗಾಗಿ ಈ ಪತ್ರ ನಿಮಗೇ. ಶ್ರೀನಿವಾಸಪುರದ ಕೋಚ್ ಫ್ಯಾಕ್ಟರಿ ಏನಾಯ್ತು ಅಂತ ಕೇಳಲು ಬರೆದದ್ದಲ್ಲ, ಗಾಬರಿ ಆಗಬೇಡಿ. ಅದನ್ನು ಕೇಳಿ ಕೇಳಿ ನಮಗೇ ಸಾಕಾಗಿದೆ.

ಇವತ್ತಿನ ವಿಷಯ ಎಣ್ಣೆ ವ್ಯಾಗನ್.

2024ರ ಜನವರಿಯಲ್ಲಿ ಟಿವಿಯಲ್ಲಿ ದೊಡ್ಡ ಸುದ್ದಿ ಬಂತು. ಕಾಕಿನಾಡದಾಚೆ, ಬಂಗಾಳ ಕೊಲ್ಲಿಯ ಆಳದಲ್ಲಿ, ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯವರು ಹೊಸ ಕ್ಷೇತ್ರದಿಂದ ಕಚ್ಚಾ ತೈಲ ತೆಗೆಯಲು ಶುರು ಮಾಡಿದರು. ಉತ್ಪಾದನೆ ಏರಿದರೆ ದಿನಕ್ಕೆ 45,000 ಬ್ಯಾರೆಲ್ ಸಿಗಬಹುದು ಅಂದರು. ಒಳ್ಳೆಯದೇ. ನಾವು ಉರಿಸುವ ಎಣ್ಣೆಯಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರದೇಶದ್ದು. ಮನೆಯಲ್ಲೇ ಒಂದಿಷ್ಟು ಸಿಕ್ಕರೆ ಯಾರು ಬೇಡ ಅಂತಾರೆ?

ಆ ತೈಲದ ಮೊದಲ ಹಡಗು ಬಂದು ತಲುಪಿದ್ದು ಎಲ್ಲಿಗೆ ಗೊತ್ತಾ? ನಮ್ಮ ಮಂಗಳೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕಕ್ಕೆ. ಕಾಕಿನಾಡದಿಂದ ಹೊರಟು, ಶ್ರೀಲಂಕಾ ಸುತ್ತಿ, ಅರಬ್ಬಿ ಸಮುದ್ರದ ದಡಕ್ಕೆ. ಅಲ್ಲಿ ಪೆಟ್ರೋಲ್, ಡೀಸೆಲ್ ಆದ ಮೇಲೆ ಹಾಸನದ ಮೇಲಿಂದ ಸುಮಾರು 360 ಕಿ.ಮೀ. ಪೈಪ್‌ನಲ್ಲಿ ಹರಿದು ದೇವನಗೊಂದಿಗೆ ಬರುತ್ತದೆ. ದೇವನಗೊಂದಿ ಅಂದರೆ ಮಾಲೂರು ದಾಟಿದ ತಕ್ಷಣ ಸಿಗುವ ಸ್ಟೇಷನ್. ಅಲ್ಲಿಂದ ಟ್ಯಾಂಕರ್ ಲಾರಿ ಹತ್ತಿ ನಮ್ಮ ಬಂಕ್‌ಗೆ. ನನ್ನ ಬೈಕಿಗೆ ಹಾಕಿಸುವ ಎರಡು ಲೀಟರ್ ನನಗಿಂತ ಜಾಸ್ತಿ ಊರು ನೋಡಿರುತ್ತದೆ.

ರಾಜಸ್ಥಾನದ ಬಾಡಮೇರ್ ಎಣ್ಣೆಯದ್ದು ಇನ್ನೂ ವಿಚಿತ್ರ. ಅಲ್ಲಿಯ ಮಂಗಲಾ ಕ್ಷೇತ್ರದ ತೈಲದಲ್ಲಿ ಮೇಣ ಜಾಸ್ತಿ. ಸುಮ್ನೆ ಬಿಟ್ಟರೆ ಗಟ್ಟಿಯಾಗಿ ಕೂರುತ್ತದೆ. 2009ರಲ್ಲಿ ಉತ್ಪಾದನೆ ಶುರುವಾದಾಗ ಪೈಪ್‌ಲೈನ್ ಮುಗಿದಿರಲಿಲ್ಲ, ಲಾರಿಯಲ್ಲೇ ಸಾಗಿಸಿದರು. ಆಮೇಲೆ ಗುಜರಾತಿನ ಕರಾವಳಿವರೆಗೆ ಸುಮಾರು 670 ಕಿ.ಮೀ. ಉದ್ದಕ್ಕೂ ಬಿಸಿ ಮಾಡುತ್ತಲೇ ಇರುವ ಪೈಪ್ ಹಾಕಬೇಕಾಯಿತು. ಬಾವಿ ತೋಡಿದರೆ ಕೆಲಸ ಮುಗಿಯಲಿಲ್ಲ ಅಂತ ಇದರ ಅರ್ಥ. ತೆಗೆಯುವುದು ಅರ್ಧ ಕೆಲಸ, ಸಾಗಿಸುವುದು ಇನ್ನರ್ಧ. ಈ ಎರಡನೇ ಅರ್ಧದಲ್ಲಿ ಏನಾದರೂ ತಪ್ಪಿದರೆ ಬೆಲೆ ಕೊಡುವವರು ಬಾವಿ ಹತ್ತಿರದವರಲ್ಲ. ದಾರಿಯ ಊರಿನವರು.

ಇದನ್ನು ನಾನು ಊಹೆ ಮಾಡಿ ಹೇಳುತ್ತಿಲ್ಲ. ಅಮೆರಿಕದ ನಾರ್ತ್ ಡಕೋಟ ರಾಜ್ಯದಲ್ಲಿ ಬಾಕೆನ್ ಅನ್ನುವ ಎಣ್ಣೆ ಪ್ರದೇಶ ಇದೆ. 2000ದ ದಶಕದ ಮಧ್ಯದಲ್ಲಿ ಆ ರಾಜ್ಯದ ಉತ್ಪಾದನೆ ದಿನಕ್ಕೆ ಸುಮಾರು ಒಂದು ಲಕ್ಷ ಬ್ಯಾರೆಲ್. ಹೊಸ ತಂತ್ರ ಬಂತು, ಬಂಡೆ ಸೀಳಿ ಎಣ್ಣೆ ತೆಗೆದರು, 2014ಕ್ಕೆ ಹತ್ತು ಲಕ್ಷ ದಾಟಿತು. ಹತ್ತು ವರ್ಷದೊಳಗೆ ಹತ್ತು ಪಟ್ಟು! ಪೈಪ್‌ಲೈನ್ ಅಷ್ಟು ಬೇಗ ಬೆಳೆಯಲಿಲ್ಲ. ಸಾಗಿಸಲು ದಾರಿ ಇಲ್ಲದೆ ಅಲ್ಲಿಯ ಎಣ್ಣೆಯನ್ನು ಕಡಿಮೆ ಬೆಲೆಗೆ ಮಾರಬೇಕಾಯಿತು.

ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೊಮೆಟೊ ಒಮ್ಮೆಲೇ ಕೊಯ್ಲಿಗೆ ಬಂದರೆ ಎಪಿಎಂಸಿಯಲ್ಲಿ ಏನಾಗುತ್ತದೆ? ಬಾಕ್ಸ್ ಮೇಲೆ ಬಾಕ್ಸ್, ಲಾರಿ ಸಿಗುವುದಿಲ್ಲ, ಕೇಳಿದ ರೇಟಿಗೆ ಕೊಟ್ಟು ಬರಬೇಕು. ಕೊನೆಗೆ ಯಾವ ಗಾಡಿಯಾದರೂ ಸರಿ, ತುಂಬಿಸಿ ಕಳಿಸಪ್ಪ ಅನ್ನುವ ಸ್ಥಿತಿ. ಬಾಕೆನ್‌ನಲ್ಲೂ ಅದೇ ಆಯಿತು. ಅಲ್ಲಿ ಸಿಕ್ಕ ಗಾಡಿ ರೈಲು. 2008ರಲ್ಲಿ ಅಮೆರಿಕದ ದೊಡ್ಡ ರೈಲು ಕಂಪನಿಗಳು ಸಾಗಿಸಿದ ಕಚ್ಚಾ ತೈಲದ ವ್ಯಾಗನ್ 9,500. 2013ರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು. ವ್ಯಾಗನ್‌ಗಳು ಹಳೆಯವು, ತೆಳು ತಗಡಿನವು. ಹಳಿ ಹಳೆಯದು. ಟೊಮೆಟೊ ಲಾರಿ ಪಲ್ಟಿಯಾದರೆ ಊರು ಉರಿಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಊರು ಉರಿದದ್ದು 2013ರ ಜುಲೈ 6ರಂದು, ಪಕ್ಕದ ಕೆನಡಾದಲ್ಲಿ. ಊರಿನ ಹೆಸರು ಲ್ಯಾಕ್-ಮೆಗಾಂಟಿಕ್. ಸಣ್ಣ ಊರು, ಬಂಗಾರಪೇಟೆಗಿಂತ ಚಿಕ್ಕದು. ಆ ರಾತ್ರಿ ನಡೆದದ್ದನ್ನು ನೀವು ದಯವಿಟ್ಟು ಪೂರ್ತಿ ಓದಬೇಕು. ಯಾಕೆಂದರೆ ಅಲ್ಲಿ ಸೋತದ್ದು ದೊಡ್ಡ ತಂತ್ರಜ್ಞಾನ ಅಲ್ಲ. ಹ್ಯಾಂಡ್ ಬ್ರೇಕ್.

72 ಟ್ಯಾಂಕ್ ವ್ಯಾಗನ್‌ನ ರೈಲು, ಬಾಕೆನ್ ಎಣ್ಣೆ ತುಂಬಿತ್ತು. ಇದ್ದದ್ದು ಒಬ್ಬನೇ ಡ್ರೈವರ್. ಡ್ಯೂಟಿ ಮುಗಿಯಿತು, ಊರಿಗಿಂತ ಎತ್ತರದ ನಾಂತ್ ಅನ್ನುವ ಜಾಗದಲ್ಲಿ, ಇಳಿಜಾರಿನ ಮೇಲೆ, ಮೇನ್ ಲೈನಿನಲ್ಲೇ ರೈಲು ನಿಲ್ಲಿಸಿದ. ಏಳು ಹ್ಯಾಂಡ್ ಬ್ರೇಕ್ ಹಾಕಿದ. ಒಂದು ಎಂಜಿನ್ ಚಾಲೂ ಇಟ್ಟು ಮಲಗಲು ಹೋದ. ಆ ಎಂಜಿನ್‌ನಲ್ಲಿ ಬೆಂಕಿ ಕಾಣಿಸಿತು. ಅಗ್ನಿಶಾಮಕದವರು ಬಂದು ಬೆಂಕಿ ಆರಿಸಿ, ಎಂಜಿನ್ ಆಫ್ ಮಾಡಿ ಹೋದರು. ಅವರು ಮಾಡಿದ್ದು ಸರಿಯೇ. ಆದರೆ ಎಂಜಿನ್ ಆಫ್ ಆದರೆ ಏರ್ ಬ್ರೇಕಿನ ಗಾಳಿ ನಿಧಾನಕ್ಕೆ ಸೋರುತ್ತದೆ. ಗಾಳಿ ಇಳಿದ ಮೇಲೆ ಅಷ್ಟೂ ಭಾರ ಏಳು ಹ್ಯಾಂಡ್ ಬ್ರೇಕಿನ ಮೇಲೆ ಬಿತ್ತು. ಕನಿಷ್ಠ 17 ಬೇಕಿತ್ತು ಅಂತ ಆಮೇಲೆ ತನಿಖೆ ಹೇಳಿತು. ರಾತ್ರಿ ಒಂದರ ಸುಮಾರಿಗೆ ರೈಲು ತಾನಾಗೇ ಹೊರಟಿತು. ಸುಮಾರು 11 ಕಿ.ಮೀ. ಇಳಿದು, ಗಂಟೆಗೆ 100 ಕಿ.ಮೀ. ಮೀರಿದ ವೇಗದಲ್ಲಿ ಊರಿನ ನಡುಮಧ್ಯೆ ಹಳಿ ತಪ್ಪಿತು. 63 ವ್ಯಾಗನ್ ಉರುಳಿದವು. ಸುಮಾರು 60 ಲಕ್ಷ ಲೀಟರ್ ಚೆಲ್ಲಿತು. 47 ಜನ ಸತ್ತರು.

ಆ ಎಣ್ಣೆ ಅವರ ಊರಿನದ್ದಲ್ಲ, ಅವರ ಊರಿಗೆ ಹೋಗುತ್ತಿದ್ದದ್ದೂ ಅಲ್ಲ.

ಇದೆಲ್ಲ ಕೆನಡಾದ ಮಾತು, ನಮ್ಮಲ್ಲಿ ಹಾಗಾಗುವುದಿಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. 2024ರ ಫೆಬ್ರವರಿ 25ರಂದು ಜಮ್ಮುವಿನ ಕಠುವಾದಲ್ಲಿ ನಿಂತಿದ್ದ ಗೂಡ್ಸ್ ರೈಲು ಡ್ರೈವರ್ ಇಲ್ಲದೆ ಹೊರಟು, ಸುಮಾರು 70 ಕಿ.ಮೀ. ಓಡಿ ಪಂಜಾಬಿನಲ್ಲಿ ನಿಂತಿತಲ್ಲ. 53 ವ್ಯಾಗನ್. ಅಲ್ಲೂ ಇಳಿಜಾರು, ಅಲ್ಲೂ ಸರಿಯಾಗಿ ಹಾಕದ ಹ್ಯಾಂಡ್ ಬ್ರೇಕ್. ಅದೃಷ್ಟಕ್ಕೆ ಒಳಗಿದ್ದದ್ದು ಜಲ್ಲಿಕಲ್ಲು. ಕೆಲವರನ್ನು ಸಸ್ಪೆಂಡ್ ಮಾಡಿದರು, ವಿಡಿಯೋ ವಾಟ್ಸ್ಆ್ಯಪ್‌ನಲ್ಲಿ ಓಡಾಡಿತು, ಜನ ನಕ್ಕರು, ಮರೆತರು.

2025ರ ಜುಲೈ 13ರದ್ದನ್ನು ಮಾತ್ರ ನಮ್ಮ ಲೈನಿನವರು ಮರೆಯಲು ಆಗುವುದಿಲ್ಲ. ತಿರುವಳ್ಳೂರಿನ ಹತ್ತಿರ ಬೆಳಗಿನ ಜಾವ ಡೀಸೆಲ್ ತುಂಬಿದ್ದ ಗೂಡ್ಸ್ ರೈಲು ಹಳಿ ತಪ್ಪಿ 18 ವ್ಯಾಗನ್ ಸುಟ್ಟುಹೋದವು. ಆ ಕಪ್ಪು ಹೊಗೆಯನ್ನು ನೀವೂ ನೋಡಿರುತ್ತೀರಿ. ಯಾರೂ ಸಾಯಲಿಲ್ಲ, ಅದೇ ಪುಣ್ಯ. ಅಕ್ಕಪಕ್ಕದ ಜನರನ್ನು ಖಾಲಿ ಮಾಡಿಸಿದರು. ಬೆಂಗಳೂರು, ಮೈಸೂರು ಕಡೆಯ ಹಲವು ರೈಲು ರದ್ದಾದವು. ಅದು ಚೆನ್ನೈ–ಅರಕ್ಕೋಣಂ ಲೈನ್. ಅಲ್ಲಿಂದ ಹಾಗೇ ಕಾಟ್ಪಾಡಿ, ಜೋಲಾರಪೇಟೆ, ಕುಪ್ಪಂ ದಾಟಿದರೆ ನಾವು.

ಈಗ ನಮ್ಮ ಕಡೆಯ ಒಂದು ಸ್ಟೇಷನ್ ತೋರಿಸುತ್ತೇನೆ. ಹೆಸರು ಬರೆಯುವುದಿಲ್ಲ, ಅಲ್ಲಿ ಕೆಲಸ ಮಾಡುವ ನಾಲ್ಕು ಜನರನ್ನು ಸಿಕ್ಕಿಸುವುದು ನನ್ನ ಉದ್ದೇಶ ಅಲ್ಲ. ಸಂಜೆ ಹೊತ್ತು. ಲೂಪ್ ಲೈನಿನಲ್ಲಿ, ಅಂದರೆ ಮೇನ್ ಲೈನಿನ ಪಕ್ಕದ ಹಳಿಯಲ್ಲಿ, ಟ್ಯಾಂಕ್ ವ್ಯಾಗನ್ ರೈಲು ನಿಂತಿದೆ, ಮೈ ಮೇಲೆ ಬಿಟಿಪಿಎನ್ ಅಂತ ಬಿಳಿ ಅಕ್ಷರ, ಪೆಟ್ರೋಲ್‌ನಂಥ ಎಣ್ಣೆ ಸಾಗಿಸುವ ವ್ಯಾಗನ್ ಅನ್ನುವ ಗುರುತು. ಕೆಳಗಿನ ವಾಲ್ವಿನ ಸುತ್ತ ಜಿಡ್ಡು ಹಿಡಿದ ಧೂಳು. ನಮ್ಮ ಮೆಮು ಬಂದು ಆಚೆ ಪ್ಲಾಟ್‌ಫಾರ್ಮಿಗೆ ನಿಲ್ಲುತ್ತದೆ. ಫುಟ್‌ಓವರ್ ಬ್ರಿಡ್ಜ್ ದೂರ, ಎಲ್ಲರಿಗೂ ಅರ್ಜೆಂಟು. ಹೆಂಗಸರು ಬ್ಯಾಗನ್ನು ಮೊದಲು ಆಚೆ ತಳ್ಳಿ, ಸೀರೆ ಎತ್ತಿ ಹಿಡಿದು, ವ್ಯಾಗನ್ ಕೆಳಗೆ ಬಗ್ಗಿ ದಾಟುತ್ತಾರೆ. ಕಾಲೇಜು ಹುಡುಗರು ಕಪ್ಲಿಂಗ್ ಮೇಲೆ ಹತ್ತಿ ಹಾರುತ್ತಾರೆ. ಆಚೆ ಬದಿಯಲ್ಲಿ ಒಬ್ಬರು ಅದೇ ವ್ಯಾಗನ್‌ಗೆ ಒರಗಿ ಬೀಡಿ ಹಚ್ಚುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. ಒಳಗೆ ಏನಿದೆ ಅಂತ ಅವರಿಗೆ ಯಾರೂ ಹೇಳಿಲ್ಲ. ಅಂಥ ಒಂದು ವ್ಯಾಗನ್‌ನಲ್ಲಿ ಸುಮಾರು 70 ಸಾವಿರ ಲೀಟರ್ ಹಿಡಿಯುತ್ತದೆ. ಅದು ಖಾಲಿಯಾಗಿದ್ದರೂ ಪೆಟ್ರೋಲಿನ ಆವಿ ಒಳಗೇ ಇರುತ್ತದೆ, ಆವಿಯೇ ಮೊದಲು ಹೊತ್ತಿಕೊಳ್ಳುವುದು.

ಇನ್ನೊಂದು ಮಾತು, ನಿಮ್ಮ ಎಂಜಿನಿಯರುಗಳಿಗೆ ಗೊತ್ತಿರುವಂಥದ್ದೇ. ಬಂಗಾರಪೇಟೆ ಸಮುದ್ರಮಟ್ಟದಿಂದ 800 ಮೀಟರ್‌ಗೂ ಎತ್ತರದಲ್ಲಿದೆ. ಜೋಲಾರಪೇಟೆ ಅದರ ಅರ್ಧದಷ್ಟು. ಅಂದರೆ ನಮ್ಮಿಂದ ಪೂರ್ವಕ್ಕೆ ಹಳಿ ಇಳಿಯುತ್ತಾ ಹೋಗುತ್ತದೆ. ಕಠುವಾ ನೆನಪಿಟ್ಟುಕೊಂಡು ಈ ಲೈನನ್ನು ಒಮ್ಮೆ ನೋಡಿ.

ಎಣ್ಣೆ ರೈಲು ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ಅದು ದಡ್ಡತನ. ಒಂದು ಟ್ಯಾಂಕರ್ ಲಾರಿ ಹೊರುವುದು 12ರಿಂದ 24 ಸಾವಿರ ಲೀಟರ್. ಒಂದು ರೈಲಿನ ಎಣ್ಣೆಯನ್ನು ರಸ್ತೆಗೆ ಇಳಿಸಿದರೆ ನೂರೈವತ್ತು ಲಾರಿಯಾದರೂ ಬೇಕು. ಹೆದ್ದಾರಿಯಲ್ಲಿ ಟ್ಯಾಂಕರ್ ಮಗುಚಿದರೆ ನಮ್ಮ ಜನ ಕ್ಯಾನು, ಬಿಂದಿಗೆ ಹಿಡಿದು ಓಡುತ್ತಾರೆ ಅನ್ನುವುದೂ ನಿಮಗೆ ಗೊತ್ತು. ಪೈಪ್ ಎಲ್ಲಕ್ಕಿಂತ ವಾಸಿ. ಆದರೆ ಪೈಪ್ ಹಾಕಿ ಮರೆತರೆ ಅದೂ ಆಗುವುದಿಲ್ಲ. ಈಗ ಎಣ್ಣೆ ಸಿಕ್ಕಿರುವ ಗೋದಾವರಿ ಸೀಮೆಯಲ್ಲೇ, ನಗರಂ ಅನ್ನುವ ಹಳ್ಳಿಯಲ್ಲಿ, 2014ರ ಜೂನ್ 27ರಂದು ಗ್ಯಾಸ್ ಪೈಪ್ ಸಿಡಿದು 20ಕ್ಕೂ ಹೆಚ್ಚು ಜನ ಬೆಂದು ಹೋದರು. ಒಣ ಗ್ಯಾಸಿಗೆ ಅಂತ ಹಾಕಿದ ಪೈಪಿನಲ್ಲಿ ನೀರಿನಂಶ ಇದ್ದ ಗ್ಯಾಸ್ ಹರಿಸಿದ್ದರು, ಒಳಗೊಳಗೇ ತುಕ್ಕು ತಿಂದಿತ್ತು.

ನಮ್ಮ ಜಿಲ್ಲೆ ಒಂದು ಕಾಲದಲ್ಲಿ ಇಂಥದ್ದನ್ನು ಸರಿಯಾಗಿ ಮಾಡಿ ತೋರಿಸಿತ್ತು, ಹೆಮ್ಮೆಯಿಂದಲೇ ಹೇಳುತ್ತೇನೆ. ಕೆಜಿಎಫ್ ಗಣಿಗೆ ಕರೆಂಟ್ ಬೇಕಿತ್ತು, ನೀರಿನ ರಭಸ ಇದ್ದದ್ದು ಶಿವನಸಮುದ್ರದಲ್ಲಿ. ನಡುವೆ ಸುಮಾರು 147 ಕಿ.ಮೀ. 1902ರಲ್ಲಿ ಅಷ್ಟು ದೂರ ಲೈನ್ ಎಳೆದವರು ಪ್ರಪಂಚದಲ್ಲೇ ವಿರಳ. ಪವರ್‌ಹೌಸ್ ಕಟ್ಟಿಬಿಡೋಣ, ಲೈನ್ ಆಮೇಲೆ ನೋಡೋಣ ಅನ್ನಲಿಲ್ಲ. ಎರಡೂ ಒಂದೇ ಯೋಜನೆ.

ಎಣ್ಣೆ ವಿಷಯದಲ್ಲೂ ಅದೇ ನನ್ನ ಬೇಡಿಕೆ. ಲೋಡ್ ಜಾಸ್ತಿ ಮಾಡುವ ಮೊದಲು ದಾರಿ ಸರಿ ಮಾಡಿ. ಟ್ಯಾಂಕ್ ವ್ಯಾಗನ್ ರೈಲು ಲೂಪಿನಲ್ಲಿ ನಿಂತಾಗಲೆಲ್ಲ ಎಷ್ಟು ಹ್ಯಾಂಡ್ ಬ್ರೇಕ್ ಹಾಕಿದರು, ಚಕ್ರ ಉರುಳದಂತೆ ಸ್ಕಿಡ್ ಇಟ್ಟರಾ, ಚೈನ್ ಕಟ್ಟಿದರಾ ಅಂತ ಇಬ್ಬರು ನೋಡಿ ಸಹಿ ಹಾಕಲಿ. ನಿಯಮ ಈಗಾಗಲೇ ಇದೆ ಅನ್ನುತ್ತೀರಿ. ಕಠುವಾದಲ್ಲೂ ಇತ್ತು, ಅಲ್ವಾ? ಆ ಇಬ್ಬರಿಗೆ ಅದನ್ನು ಮಾಡುವಷ್ಟು ಸಮಯ ಮತ್ತು ಜನ ಕೊಡಿ. ಎಂಟು ಗಂಟೆಯ ಡ್ಯೂಟಿ ಹನ್ನೆರಡಾದವನ ಕೈಯಲ್ಲಿ ಹ್ಯಾಂಡ್ ಬ್ರೇಕ್ ಚಕ್ರ ಪೂರ್ತಿ ತಿರುಗುವುದಿಲ್ಲ. ಪ್ರಯಾಣಿಕರು ದಾಟುವ ಜಾಗಕ್ಕೆ ತಾಗಿದ ಲೂಪಿನಲ್ಲಿ ಈ ರೈಲು ನಿಲ್ಲಿಸುವುದನ್ನು ಬಿಡಿ. ಬಿಡಲು ಆಗದ ಕಡೆ ಫುಟ್‌ಓವರ್ ಬ್ರಿಡ್ಜನ್ನು ಜನ ಹತ್ತುವ ಜಾಗದಲ್ಲಿ ಕಟ್ಟಿ, ಕಂಟ್ರಾಕ್ಟರಿಗೆ ಅನುಕೂಲ ಆಗುವ ಜಾಗದಲ್ಲಿ ಅಲ್ಲ.

ಲ್ಯಾಕ್-ಮೆಗಾಂಟಿಕ್ ಆದ ಮೇಲೆ, 2014ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಒಂದು ಆದೇಶ ಹೊರಡಿಸಿತು. ಬಾಕೆನ್ ಎಣ್ಣೆಯ ದೊಡ್ಡ ರೈಲುಗಳು ಯಾವ ದಾರಿಯಲ್ಲಿ, ವಾರಕ್ಕೆ ಎಷ್ಟು ಹೋಗುತ್ತವೆ ಅಂತ ರೈಲು ಕಂಪನಿಗಳು ರಾಜ್ಯಗಳ ತುರ್ತು ಸೇವೆಯವರಿಗೆ ತಿಳಿಸಬೇಕು ಅಂತ. 47 ಜನ ಸತ್ತ ಮೇಲೆ ಬಂದ ಬುದ್ಧಿ. ನಮಗೆ ಅದು ಪುಕ್ಕಟೆ ಸಿಗುತ್ತಿದೆ, ತೆಗೆದುಕೊಳ್ಳಿ. ಬಂಗಾರಪೇಟೆ, ಮಾಲೂರು, ಕೆಜಿಎಫ್ ಅಗ್ನಿಶಾಮಕ ಠಾಣೆಗಳಿಗೆ ಯಾವ ರೈಲಿನಲ್ಲಿ ಏನು ಬರುತ್ತದೆ ಅನ್ನುವ ಮಾಹಿತಿ ಹೋಗಲಿ. ಪೆಟ್ರೋಲ್ ಬೆಂಕಿ ನೀರಿಗೆ ಆರುವುದಿಲ್ಲ, ಅದಕ್ಕೆ ಫೋಮ್ ಬೇಕು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಜಿಲ್ಲೆ ನಮ್ಮದು, ಇಲ್ಲಿ ನೀರು ನಂಬಿ ಬೆಂಕಿ ಆರಿಸುವ ಮಾತೇ ಬೇಡ. ಯಾವ ಠಾಣೆಯಲ್ಲಿ ಎಷ್ಟು ಫೋಮ್ ಇದೆ ಅಂತ ರಾಜ್ಯ ಸರ್ಕಾರದ ಜೊತೆ ಕೂತು ಲೆಕ್ಕ ಹಾಕಿ. ಅದು ರಾಜ್ಯದ್ದು, ಇದು ಕೇಂದ್ರದ್ದು ಅನ್ನುವ ಜಗಳ ಇದರಲ್ಲಿ ಬೇಡ. ನೀವು ಎರಡೂ ಕಡೆ ಮಂತ್ರಿಯಾದವರು, ಯಾರಿಗೆ ಫೋನ್ ಮಾಡಬೇಕು ಅಂತ ನಿಮಗೆ ಚೆನ್ನಾಗಿ ಗೊತ್ತು.

ತಿರುವಳ್ಳೂರಿನ ತನಿಖೆಯಲ್ಲಿ ಕಂಡದ್ದು ಏನು, ಅದರಿಂದ ಜೋಲಾರಪೇಟೆ–ಬಂಗಾರಪೇಟೆ–ಬೆಂಗಳೂರು ಲೈನಿನಲ್ಲಿ ಏನು ಬದಲಾಯಿತು ಅನ್ನುವುದನ್ನು ಕನ್ನಡದಲ್ಲಿ ಒಂದು ಪುಟ ಬರೆಸಿ, ಬಂಗಾರಪೇಟೆ ಜಂಕ್ಷನ್ನಿನ ಟಿಕೆಟ್ ಕೌಂಟರ್ ಪಕ್ಕ ಅಂಟಿಸಿ. ನನಗೆ ಬೇರೆಯಾಗಿ ಉತ್ತರ ಬರೆಯುವುದು ಬೇಡ, ಅಲ್ಲೇ ಓದಿಕೊಳ್ಳುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಬಂಗಾರಪೇಟೆಯ ಒಬ್ಬ ಸೀಸನ್ ಪಾಸ್ ಪ್ರಯಾಣಿಕ