ಅಪ್ಪನ ಮಾತು ಉಳಿಸಿಕೊಟ್ಟವರಿಗೆ

ಅಪ್ಪನ ಹದಿಮೂರನೇ ದಿನದ ಕಾರ್ಯವೂ ಮುಗಿಯಿತು. ಬಂದವರನ್ನೆಲ್ಲ ಸರಿಯಾಗಿ ಮಾತಾಡಿಸಲಿಕ್ಕೂ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮೂಲದಲ್ಲಿ ಹೊನ್ನಾವರದ ಕಡೆ. ಅಪ್ಪ ದುಡಿದದ್ದೆಲ್ಲ ಮುಂಬೈಯ ಪರೇಲಿನ ಹೋಟೆಲಿನ ಗಲ್ಲೆಯಲ್ಲಿ. ಕೆಇಎಂ ಆಸ್ಪತ್ರೆಯ ಸಿಸ್ಟರ್‌ಗಳು ಚಹಾಕ್ಕೆ ಬಂದರೆ ನಮ್ಮ ಕಡೆಯ ಹಳದೀಪುರದ ಅರುಣಾ ಶಾನಭಾಗರ ಬಗ್ಗೆ ಅಪ್ಪ ವಿಚಾರಿಸದೆ ಬಿಡುತ್ತಿರಲಿಲ್ಲ. ಆ ಆಸ್ಪತ್ರೆಯಲ್ಲೇ ನರ್ಸ್ ಆಗಿದ್ದ ಅರುಣಾ, ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ ಅಲ್ಲೇ ಹಾಸಿಗೆ ಹಿಡಿದಿದ್ದರು. 1973ರಿಂದ 2015ರವರೆಗೆ, ಅಷ್ಟೂ ವರ್ಷ ಅವರನ್ನು ನೋಡಿಕೊಂಡ ಸಿಸ್ಟರ್‌ಗಳೆಂದರೆ ಅಪ್ಪನಿಗೆ ದೇವರ ಸಮಾನ. ಆದರೆ "ನನ್ನನ್ನು ಮಾತ್ರ ಹಾಗೆ ಮಲಗಿಸಬೇಡಿ" ಅನ್ನುತ್ತಿದ್ದರು.

ಕ್ಯಾನ್ಸರ್ ಲಿವರ್‌ಗೆ ಹಬ್ಬಿದೆ ಅಂತ ತಿಳಿದ ಮೇಲೆ ಅದನ್ನೇ ಬರೆಸಿದರು. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಇಂಥ ಲಿವಿಂಗ್ ವಿಲ್‌ಗೆ ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿಗೆ ಕೊಟ್ಟಿತ್ತು, ಆದರೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಿಂದ ಇಬ್ಬರು ಸಾಕ್ಷಿಗಳಿದ್ದು ನೋಟರಿ ಸಹಿ ಹಾಕಿದರೂ ನಡೆಯುತ್ತದೆ. ಸಾಕ್ಷಿ ಹಾಕಿದ ಎದುರು ಮನೆಯ ಕಾಕಾ, ಹೋಟೆಲಿನ ಹಳೇ ಭಟ್ಟರು, ಇಬ್ಬರಿಗೂ ನಮಸ್ಕಾರ. ಭಟ್ಟರಂತೂ ಅಳುತ್ತಲೇ ಸಹಿ ಹಾಕಿದರು.

ನೋವು ಕಡಿಮೆ ಮಾಡಲು ಮನೆಗೇ ಬರುತ್ತಿದ್ದ ಡಾಕ್ಟರ್ ಮತ್ತು ಸಿಸ್ಟರ್ ಅವರಿಗೆ ಏನು ಹೇಳಲಿ? ಮಾರ್ಫಿನ್ ಅಂದಕೂಡಲೇ ಅಮ್ಮ ಹೆದರಿದ್ದಳು, ಚಟ ಹತ್ತುತ್ತದೆ ಅಂತ. ನೋವಿಗೆ ಲೆಕ್ಕವಿಟ್ಟು ಕೊಟ್ಟರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ ಅಂತ ಸಿಸ್ಟರ್ ಕೂತು ತಿಳಿಹೇಳಿದರು. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು ಗಂಟೆಗೆ ಒಂದೊಂದು ಮಾತ್ರೆ. ರಾತ್ರಿ ಹತ್ತಕ್ಕೆ ಎರಡು ಮಾತ್ರೆ, ನಡುರಾತ್ರಿ ಎಬ್ಬಿಸುವುದು ಬೇಡ ಅಂತ. ಜೊತೆಗೆ ಹೊಟ್ಟೆ ಕಟ್ಟದಂತೆ ಔಷಧಿ. ಅಮ್ಮ ಕಾಲನಿರ್ಣಯ ಕ್ಯಾಲೆಂಡರಿನ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದಳು. ನಿದ್ದೆ ಬರತೊಡಗಿದ ಮೇಲೆ ಅಪ್ಪ ಮೊದಲಿನಂತಾದರು. ಅಂದರೆ, ಚಹಾಕ್ಕೆ ಸಕ್ಕರೆ ಸಾಲದು ಅಂತ ಜಗಳ ಶುರು!

ಕೊನೆಗೆ ಉಸಿರು ಕಟ್ಟಿದಾಗ "ವೆಂಟಿಲೇಟರ್ ಹಾಕಿಸದೆ ಸುಮ್ನೆ ಕೂತಿದ್ದೀರಾ?" ಅಂತ ಫೋನ್ ಮಾಡಿದವರೂ ಇದ್ದಾರೆ. ಪ್ರೀತಿಯಿಂದಲೇ ಕೇಳಿದ್ದು, ಗೊತ್ತು. ಆದರೂ ಆ ಹೊತ್ತಿಗೆ ಅದು ತುಂಬಾ ಭಾರ. ಆಗ ನನ್ನ ಕೈಯಿಂದ ಫೋನ್ ತಗೊಂಡು "ಅವರೇ ಬರೆದಿಟ್ಟಿದ್ದಾರೆ" ಅಂತ ಉತ್ತರ ಕೊಟ್ಟ ಅತ್ತಿಗೆಗೆ ಎಲ್ಲರಿಗಿಂತ ಜಾಸ್ತಿ ಋಣಿ ನಾನು.

ಮನೆಯಲ್ಲೇ ತೀರಿಕೊಂಡರೆ ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ ಸ್ಮಶಾನದಲ್ಲಿ ಮುಂದಿನ ಕೆಲಸ ಆಗುವುದಿಲ್ಲ. ಮೊದಲ ಲೋಕಲ್ ಹಿಡಿದು ಬಂದು ಅದನ್ನು ಬರೆದುಕೊಟ್ಟ ನಮ್ಮ ಫ್ಯಾಮಿಲಿ ಡಾಕ್ಟರರಿಗೂ ಕೈಮುಗಿಯುತ್ತೇನೆ.

ಏರ್ ಬೆಡ್, ವೀಲ್‌ಚೇರ್ ಎರಡೂ ನಮ್ಮಲ್ಲೇ ಇವೆ, ಚೆನ್ನಾಗಿವೆ. ಡೊಂಬಿವಲಿ ಕಡೆ ಯಾರಿಗಾದರೂ ಬೇಕಿದ್ದರೆ ತಿಳಿಸಿ, ದುಡ್ಡು ಬೇಡ.