ಹೊಲದಂಚಿನ ಬಿಳಿ ಟ್ಯಾಂಕ್

ಅಯೋವಾ, ಅಮೆರಿಕ
ಅಕ್ಟೋಬರ್ 2023

ತೀರ್ಥರೂಪ ಅಪ್ಪನವರ ಪಾದಗಳಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅವ್ವನ ಮೊಣಕಾಲು ನೋವು ಇಳಿಯಿತೇ?

ರಸ್ತೆಯಂಚಿನಲ್ಲಿ ಗೋವಿನಜೋಳ ಹರವಿ, ಮೋಡ ಕಂಡರೆ ತಾಡಪತ್ರಿ ಹಿಡಿದು ಓಡುತ್ತಿದ್ದೇವೆ ಎಂದಿರಿ. ಇಲ್ಲಿಯೂ ಅದರದೇ ಸುಗ್ಗಿ. ಆದರೆ ಇವರು ಬಿಸಿಲಿಗೆ ಕಾಯುವುದಿಲ್ಲ. ಪ್ರೊಪೇನ್ ಎಂಬ ಅನಿಲ ಉರಿಸಿ, ಬಿಸಿಗಾಳಿ ಹಾಯಿಸಿ, ಕಾಳಿನ ತೇವಾಂಶವನ್ನು ಶೇ 15ರ ಸುತ್ತ ಇಳಿಸುತ್ತಾರೆ. ಅದಕ್ಕೇ ಹೊಲಮನೆಗಳ ಪಕ್ಕದಲ್ಲಿ ಆ ಉದ್ದನೆಯ ಬಿಳಿ ಟ್ಯಾಂಕ್‌ಗಳು. ಸಾವಿರ ಗ್ಯಾಲನ್ನಿನ ಒಂದು ಟ್ಯಾಂಕಿನಲ್ಲಿ ಸುಮಾರು 1,500 ಕಿಲೋ ಅನಿಲ, ನಮ್ಮ ಅಡುಗೆಮನೆಯ ನೂರು ಸಿಲಿಂಡರ್‌ಗಳಷ್ಟು. ಅದೂ ಪೂರ್ತಿ ತುಂಬಿದಾಗ ಅಲ್ಲ. ಬಿಸಿಲಿಗೆ ದ್ರವ ಹಿಗ್ಗುವುದರಿಂದ ಐದನೆಯ ಒಂದು ಪಾಲು ಖಾಲಿ ಬಿಡುತ್ತಾರೆ.

ಫೋಟೋ ನೋಡಿ ನೀವು ಕೇಳಿದಿರಿ, ಇದಕ್ಕೆ ಬೇಲಿಯಿಲ್ಲವೇ, ಕಾವಲಿಲ್ಲವೇ ಎಂದು. ಅದಕ್ಕೊಂದು ಕಥೆಯೇ ಇದೆ. ಭಯೋತ್ಪಾದಕರು ದುರ್ಬಳಕೆ ಮಾಡಬಹುದಾದ ರಾಸಾಯನಿಕಗಳ ಪಟ್ಟಿಯನ್ನು ಇಲ್ಲಿನ ಗೃಹಭದ್ರತಾ ಇಲಾಖೆ 2007ರಲ್ಲಿ ಮಾಡಿತು. ಪ್ರೊಪೇನ್‌ಗೆ ಮೊದಲು ಸೂಚಿಸಿದ ಮಿತಿ 7,500 ಪೌಂಡ್, ಅಂದರೆ ಸುಮಾರು 3,400 ಕಿಲೋ. ಇಂಥ ಮೂರು ಟ್ಯಾಂಕ್ ಇದ್ದರೆ ಸಾಕು, ಜೋಳದ ರೈತನೂ ಕೋಳಿ ಸಾಕುವವನೂ ರಾಸಾಯನಿಕ ಕಾರ್ಖಾನೆಯವರ ಸಾಲಿನಲ್ಲಿ ನಿಂತು ಲೆಕ್ಕ ಒಪ್ಪಿಸಬೇಕಿತ್ತು. ವಿರೋಧ ಬಂತು. ನವೆಂಬರ್‌ನ ಅಂತಿಮ ಪಟ್ಟಿಯಲ್ಲಿ ಮಿತಿ 60,000 ಪೌಂಡ್‌ಗೆ ಏರಿತು. 10,000 ಪೌಂಡ್‌ವರೆಗಿನ ಟ್ಯಾಂಕ್‌ಗಳನ್ನು ಲೆಕ್ಕಕ್ಕೇ ಹಿಡಿಯಬೇಕಿಲ್ಲ ಎಂದಾಯಿತು.

ಅದು ಸರಿಯಾದ ತೀರ್ಮಾನ ಎಂದೇ ನನ್ನ ನಂಬಿಕೆ. ಸುಗ್ಗಿಯ ನಡುವೆ ನಿಮ್ಮನ್ನು ಕಾಗದಪತ್ರ ಹಿಡಿದು ಅಲೆಯಿರಿ ಎಂದರೆ ಹೇಗಿರುತ್ತದೆ! ಬೆಂಕಿಯ ಸುರಕ್ಷತೆಗೆ ಬೇರೆ ನಿಯಮಗಳಿವೆ. ಮನೆಯಿಂದ ಟ್ಯಾಂಕ್ ಎಷ್ಟು ದೂರವಿರಬೇಕು ಎಂಬುದೂ ಅವುಗಳಲ್ಲಿದೆ. ಆ ವಿನಾಯಿತಿ ಅವುಗಳನ್ನು ಮುಟ್ಟಿಲ್ಲ.

ಆದರೆ ರೈತನ ಹೆಸರು ಹೇಳಿ ದೊಡ್ಡ ಗೋದಾಮುಗಳನ್ನೂ ಬಿಟ್ಟುಬಿಡಿ ಎನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಟೆಕ್ಸಾಸ್‌ನ ವೆಸ್ಟ್ ಎಂಬ ಊರಿನಲ್ಲಿ 2013ರ ಏಪ್ರಿಲ್ 17ರಂದು ಸಿಡಿದದ್ದೂ ರೈತರಿಗೆ ಗೊಬ್ಬರ ಮಾರುವ ಗೋದಾಮೇ. ಅಲ್ಲಿ ಆ ಪಟ್ಟಿಯಲ್ಲೇ ಇದ್ದ ಅಮೋನಿಯಂ ನೈಟ್ರೇಟ್ ಗೊಬ್ಬರ ಮಿತಿ ಮೀರಿ ತುಂಬಿತ್ತು, ಭದ್ರತಾ ಇಲಾಖೆಗೆ ಯಾರೂ ತಿಳಿಸಿರಲಿಲ್ಲ. 15 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಬೆಂಕಿ ನಂದಿಸಲು ಓಡಿಹೋದವರು, ಅಪ್ಪ.

ಈಗ ಆ ಪಟ್ಟಿಗೆ ಬಲ ಕೊಟ್ಟಿದ್ದ ಕಾನೂನೇ ಇಲ್ಲ. ಅವಧಿ ವಿಸ್ತರಣೆಗೆ ಸಂಸತ್ತು ಒಪ್ಪಿಗೆ ಕೊಡದೆ, ಜುಲೈ 28ಕ್ಕೆ ಅದು ತೀರಿಹೋಯಿತು. ಸಣ್ಣ ಟ್ಯಾಂಕಿಗೆ ವಿಚಾರ ಮಾಡಿ ಕೊಟ್ಟ ವಿನಾಯಿತಿ ಬೇರೆ, ಎಲ್ಲರಿಗೂ ಬಾಗಿಲು ತೆರೆದಿಡುವುದು ಬೇರೆ.

ಅಡುಗೆಮನೆಯ ಗ್ಯಾಸ್ ಪೈಪಿನ ಮೇಲೆ ವರ್ಷ ಅಚ್ಚಾಗಿರುತ್ತದೆ. ತಮ್ಮನಿಗೆ ನೋಡಲು ಹೇಳಿ. ಹಳೆಯದಾಗಿದ್ದರೆ ಈ ವಾರವೇ ಬದಲಿಸಿ. ಜೋಳದ ದರ ಎಷ್ಟಾಯಿತೆಂದು ತಿಳಿಸಿ.

ನಿಮ್ಮ ಪ್ರೀತಿಯ ಮಗಳು